ಗುರು ತೋರಿಸು ಅಂದರೆ ನೀರಿನ ಟಾಕಿ ತೋರಿಸಿದ ಟೆಲಿಸ್ಕೋಪ್

ಹೋದ ವರ್ಷ ಮಾರ್ಚ್ 5ರ ರಾತ್ರಿ, ಕೊಪ್ಪಳದ ನಮ್ಮ ಮನೆ ಮಾಳಿಗೆ ಮೇಲೆ ಅಕ್ಕನ ಮಗನಿಗೆ ಗುರುಗ್ರಹ ತೋರಿಸೋಣ ಅಂತ ಟೆಲಿಸ್ಕೋಪ್ ಇಟ್ಟೆ. ಸೆಕೆಂಡ್ ಹ್ಯಾಂಡ್‌ನಲ್ಲಿ ತಂದ ಮೋಟಾರಿನ ಮೌಂಟ್ ಅದು. ಮೌಂಟ್ ಅಂದರೆ ಕೊಳವೆಯನ್ನು ಹೊತ್ತುಕೊಂಡು ತಿರುಗಿಸುವ ಭಾಗ. ರಿಮೋಟಿನಲ್ಲಿ ಗುರು ಅಂತ ಆರಿಸಿ ಬಟನ್ ಒತ್ತಿದೆ. ಮೋಟಾರು ಕೊಂಯ್ ಅಂತ ಸದ್ದು ಮಾಡಿ, ತಿರುಗಿ, ಬಾಗಿ, ತುಂಬಾ ಧೈರ್ಯದಿಂದ ಪಕ್ಕದ ಓಣಿಯ ನೀರಿನ ಟಾಕಿಗೆ ಗುರಿ ಇಟ್ಟು ನಿಂತಿತು. ಗುರು ಮಾತ್ರ ನಮ್ಮ ನೆತ್ತಿಯ ಹತ್ತಿರ ಆರಾಮಾಗಿ ಹೊಳೆಯುತ್ತಿದ್ದ. "ಮಾಮಾ, ಗುರು ಟಾಕಿ ಮ್ಯಾಲ ಕುಂತಾನೇನು?" ಅಂದ ಹುಡುಗ.

ತಪ್ಪು ನಂದೇ. ಆ ರಿಮೋಟ್ ತಾರೀಖು ಕೇಳುವಾಗ ಮೊದಲು ತಿಂಗಳು, ಆಮೇಲೆ ದಿನ ಕೇಳುತ್ತದೆ. ನಾನು ನಮ್ಮ ರೂಢಿಯಂತೆ 05-03 ಅಂತ ಒತ್ತಿದ್ದೆ, ಅದು ಮೇ 3 ಅಂದುಕೊಂಡಿತು. ನಕ್ಷತ್ರಗಳು ದಿನಕ್ಕೆ ಸುಮಾರು 4 ನಿಮಿಷ ಬೇಗ ಹುಟ್ಟುತ್ತವೆ. ಅಂದರೆ ಅದೇ ಹೊತ್ತಿಗೆ ನೋಡಿದರೆ ದಿನಕ್ಕೊಂದು ಡಿಗ್ರಿಯಷ್ಟು ಪಶ್ಚಿಮಕ್ಕೆ ಸರಿದಿರುತ್ತವೆ. 59 ದಿನದ ತಪ್ಪಿಗೆ ಹತ್ತಿರ ಹತ್ತಿರ 58 ಡಿಗ್ರಿ. ಟಾಕಿ ಸಿಕ್ಕಿದ್ದು ಹಾಗೆ. ಟೈಮ್ ಝೋನ್‌ನಲ್ಲಿ 5:30ರ ಬದಲು ಬರೀ 5 ಅಂತ ಹಾಕಿ ಮುಂದೆ ಹೋದವರಿಗೆ ಏಳೂವರೆ ಡಿಗ್ರಿ ಹೋಗುತ್ತದೆ, ಅದೂ ಕಡಿಮೆಯೇನಲ್ಲ.

ತಾರೀಖು ಸರಿ ಮಾಡಿದ ಮೇಲೂ ಗುರು ನಡುವಿಗೆ ಬರಲಿಲ್ಲ, ಅಂಚಿನಲ್ಲಿ ಎಲ್ಲೋ ಬಂದ. ಐದು ನಿಮಿಷ ಬಿಟ್ಟು ನೋಡಿದರೆ ಇನ್ನಷ್ಟು ಜಾರಿದ್ದ. ಇಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇವೆ. ಹೇಳಿದ ಜಾಗಕ್ಕೆ ಸರಿಯಾಗಿ ಹೋಗುವುದು ಪಾಯಿಂಟಿಂಗ್, ಹೋದ ಮೇಲೆ ಅಲ್ಲೇ ಕೂರುವುದು ಟ್ರ್ಯಾಕಿಂಗ್. ಎರಡಕ್ಕೂ ಇವತ್ತು ಸಾಫ್ಟ್‌ವೇರ್ ಮದ್ದು ಇದೆ, ಬಹಳಷ್ಟು ಪುಕ್ಕಟೆ ಕೂಡ. ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯದೆ ಹಾಕಿಕೊಂಡರೆ ನಾನು ಕಳೆದಷ್ಟೇ ರಾತ್ರಿಗಳನ್ನು ನೀವೂ ಕಳೆಯುತ್ತೀರಿ.

ಮನೆಯ ಗೋಡೆ ಗಡಿಯಾರ ಯಾವಾಗಲೂ ಐದು ನಿಮಿಷ ಮುಂದಿದೆ ಅಂತ ಗೊತ್ತಿದ್ದರೆ ಬಸ್ಸು ತಪ್ಪುವುದಿಲ್ಲ, ಅಲ್ವಾ? ಲೆಕ್ಕ ಹಾಕಿ ಹೊರಡುತ್ತೇವೆ. ಒಂದು ದಿನ ಐದು ನಿಮಿಷ ಮುಂದೆ, ಮರುದಿನ ಏಳು ನಿಮಿಷ ಹಿಂದೆ ಅನ್ನುವ ಗಡಿಯಾರ ಮಾತ್ರ ಯಾವುದಕ್ಕೂ ಬರುವುದಿಲ್ಲ. ಮೌಂಟಿನ ಕತೆಯೂ ಇಷ್ಟೇ. ಸಾಫ್ಟ್‌ವೇರ್ ತಪ್ಪನ್ನು ಅಳೆದು, ನೆನಪಿಟ್ಟುಕೊಂಡು, ಅಷ್ಟನ್ನು ಕಳೆದು ಗುರಿ ಇಡುತ್ತದೆ. ಹಾಗಾಗಿ ಪ್ರತಿ ಸಲ ಒಂದೇ ಥರ ಆಗುವ ತಪ್ಪು ಎಷ್ಟು ದೊಡ್ಡದಿದ್ದರೂ ಚಿಂತೆಯಿಲ್ಲ. ಮನಸ್ಸಿಗೆ ಬಂದಂತೆ ಆಗುವ ತಪ್ಪು ಚಿಕ್ಕದಿದ್ದರೂ ಅದರ ಕೈಗೆ ಸಿಗುವುದಿಲ್ಲ. ಮುಂದೆ ಹೇಳುವುದೆಲ್ಲ ಇದೇ ಮಾತಿನ ವಿಸ್ತಾರ.

ಮೊದಲು ಅಳತೆ. ಒಂದು ಡಿಗ್ರಿಯಲ್ಲಿ 60 ಆರ್ಕ್‌ಮಿನಿಟ್, ಒಂದು ಆರ್ಕ್‌ಮಿನಿಟ್‌ನಲ್ಲಿ 60 ಆರ್ಕ್‌ಸೆಕೆಂಡ್. ಹುಣ್ಣಿಮೆ ಚಂದ್ರ ಸುಮಾರು 30 ಆರ್ಕ್‌ಮಿನಿಟ್ ಅಗಲ. ಹತ್ತು ರೂಪಾಯಿ ನಾಣ್ಯವನ್ನು (ಅಂಗಡಿಯವರು ಬೇಡ ಅಂತಾರಲ್ಲ, ಅದೇ) ಐದೂವರೆ ಕಿಲೋಮೀಟರ್ ದೂರ ಇಟ್ಟರೆ ಅದು ಒಂದು ಆರ್ಕ್‌ಸೆಕೆಂಡ್ ಅಗಲ ಕಾಣುತ್ತದೆ. ಭೂಮಿ 23 ಗಂಟೆ 56 ನಿಮಿಷ 4 ಸೆಕೆಂಡಿಗೆ ಒಂದು ಸುತ್ತು ತಿರುಗುವುದರಿಂದ ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಓಡುತ್ತಿರುತ್ತದೆ. ನನ್ನ 750 ಮಿಲಿಮೀಟರ್ ಫೋಕಲ್ ಲೆಂತ್‌ನ ಟೆಲಿಸ್ಕೋಪಿಗೆ ಸಾಮಾನ್ಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಹಾಕಿದರೆ ಒಂದು ಪಿಕ್ಸೆಲ್ ಅಂದರೆ ಸುಮಾರು 1.2 ಆರ್ಕ್‌ಸೆಕೆಂಡ್. ಎರಡು ಮೂರು ನಿಮಿಷದ ಫೋಟೋದಲ್ಲಿ ನಕ್ಷತ್ರ ಚುಕ್ಕಿಯಾಗೇ ಉಳಿಯಬೇಕು ಅಂದರೆ, ಅಷ್ಟು ಹೊತ್ತೂ ಆ ಓಡುವ ಆಕಾಶದ ಹಿಂದೆ ಒಂದೆರಡು ನಾಣ್ಯದಗಲ ಕೂಡ ತಪ್ಪದೆ ಹೋಗಬೇಕು. ಗ್ರಹಗಳ ಫೋಟೋಕ್ಕೆ ಬಳಸುವ ಸಣ್ಣ ಕ್ಯಾಮೆರಾದಲ್ಲಿ ಪೂರ್ಣಚಂದ್ರ ಕೂಡ ಇಡಿಯಾಗಿ ಹಿಡಿಸುವುದಿಲ್ಲ. ಅಲ್ಲಿ ಗುರಿ 20 ಆರ್ಕ್‌ಮಿನಿಟ್ ತಪ್ಪಿದರೆ ಚೌಕಟ್ಟಿನಲ್ಲಿ ಬರೀ ಕತ್ತಲೆ.

ಆಕಾಶ ತಿರುಗುವುದು ಧ್ರುವದ ಸುತ್ತ, ಅಂದರೆ ಭೂಮಿಯ ಅಕ್ಷ ಉತ್ತರದಲ್ಲಿ ಗುರಿ ಇಟ್ಟಿರುವ ಆಕಾಶದ ಬಿಂದುವಿನ ಸುತ್ತ. ಈಕ್ವಟೋರಿಯಲ್ ಮೌಂಟಿನ ಒಂದು ಅಕ್ಷವನ್ನು ಸರಿಯಾಗಿ ಧ್ರುವಕ್ಕೆ ಗುರಿ ಇಟ್ಟುಬಿಟ್ಟರೆ, ಆ ಒಂದೇ ಅಕ್ಷವನ್ನು ಒಂದೇ ವೇಗದಲ್ಲಿ ತಿರುಗಿಸುತ್ತಾ ಹೋದರೆ ಸಾಕು. ಹೇಳುವುದಕ್ಕೆ ಸುಲಭ. ನಮ್ಮ ಕಡೆ ಧ್ರುವ ಇರುವುದು ದಿಗಂತದಿಂದ ಬರೀ 15-16 ಡಿಗ್ರಿ ಮೇಲೆ, ಯಾಕೆಂದರೆ ಧ್ರುವದ ಎತ್ತರ ಅಂದರೆ ಊರಿನ ಅಕ್ಷಾಂಶವೇ. ಬಳ್ಳಾರಿ, ಕೊಪ್ಪಳದಲ್ಲಿ 15 ಡಿಗ್ರಿ ದಾಟಿ ಸ್ವಲ್ಪ, ರಾಯಚೂರಿನಲ್ಲಿ 16 ದಾಟಿ. ಅಷ್ಟು ಕೆಳಗೆ ಧೂಳು, ಬೀದಿ ದೀಪ, ಎದುರು ಮನೆಯ ಎರಡನೇ ಅಂತಸ್ತು, ಎಲ್ಲವೂ ಅಡ್ಡ. ಅಕ್ಷವನ್ನು ಅಷ್ಟು ತಗ್ಗಿಸಿದರೆ ಕೆಲವು ಮೌಂಟ್‌ಗಳಲ್ಲಿ ಕೊಳವೆಗೆ ಸಮತೂಕ ಕೊಡುವ ಕಂಬಿ ಹೋಗಿ ಟ್ರೈಪಾಡ್ ಕಾಲಿಗೆ ಬಡಿಯುತ್ತದೆ. ಯುರೋಪಿನವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಸಾಮಾನು, ನಾವು ಒಂದು ಕಾಲನ್ನು ಉತ್ತರಕ್ಕೆ ಇಡದೆ ದಕ್ಷಿಣಕ್ಕೆ ತಿರುಗಿಸಿ ಹೇಗೋ ಸುಧಾರಿಸುತ್ತೇವೆ.

ಧ್ರುವ ನಕ್ಷತ್ರ ಕಂಡರೂ ಅದೇ ಧ್ರುವ ಅಲ್ಲ. ನಿಜವಾದ ಧ್ರುವಬಿಂದುವಿನಿಂದ ಅದು ಸುಮಾರು 0.6 ಡಿಗ್ರಿ ಆಚೆ ಇದೆ. ಅದಕ್ಕೇ ಗುರಿ ಇಟ್ಟು ಸುಮ್ನೆ ಕೂತರೆ ನಕ್ಷತ್ರಗಳು ನಿಮಿಷಕ್ಕೆ ಹತ್ತು ಆರ್ಕ್‌ಸೆಕೆಂಡ್‌ವರೆಗೆ ಪಕ್ಕಕ್ಕೆ ಜಾರುತ್ತವೆ. ಗುರಿಯ ಈ ತಪ್ಪನ್ನು 5 ಆರ್ಕ್‌ಮಿನಿಟ್‌ಗೆ ಇಳಿಸಿದರೆ ಜಾರುವುದು ನಿಮಿಷಕ್ಕೆ ಒಂದೂಕಾಲು ಆರ್ಕ್‌ಸೆಕೆಂಡ್‌ಗೆ ಇಳಿಯುತ್ತದೆ. ಮೊದಲೆಲ್ಲ ಇದಕ್ಕೆ ಒಂದು ನಕ್ಷತ್ರ ನೋಡುತ್ತಾ, ಅದು ಯಾವ ಕಡೆ ಜಾರುತ್ತದೆ ಅಂತ ಕಾಯುತ್ತಾ, ಬೋಲ್ಟ್ ತಿರುಗಿಸುತ್ತಾ ಒಂದು ತಾಸು ಹೋಗುತ್ತಿತ್ತು. ಈಗ ಸಾಫ್ಟ್‌ವೇರ್ ಮೂರು ಫೋಟೋ ಕೇಳುತ್ತದೆ: ಒಂದು ತೆಗೆ, ಅಕ್ಷ ಸ್ವಲ್ಪ ತಿರುಗಿಸು, ಇನ್ನೊಂದು ತೆಗೆ, ಮತ್ತೆ ತಿರುಗಿಸು, ಮತ್ತೊಂದು. ಮೂರು ಬಿಂದು ಸಿಕ್ಕರೆ ಒಂದು ವೃತ್ತ, ವೃತ್ತ ಸಿಕ್ಕರೆ ಅದರ ನಡುಬಿಂದು. ಆ ನಡುಬಿಂದುವೇ ನಿಮ್ಮ ಅಕ್ಷ ಈಗ ನೋಡುತ್ತಿರುವ ಜಾಗ. ನಿಜವಾದ ಧ್ರುವಕ್ಕೂ ಅದಕ್ಕೂ ಎಷ್ಟು ದೂರ, ಯಾವ ಬೋಲ್ಟ್ ಯಾವ ಕಡೆ ತಿರುಗಿಸಬೇಕು ಅಂತ ಪರದೆ ಮೇಲೆ ಬಾಣ ಹಾಕಿ ತೋರಿಸುತ್ತದೆ. ನಿನಾ, ಎಕೋಸ್‌ನಂಥ ಸಾಫ್ಟ್‌ವೇರ್‌ಗಳಲ್ಲಿ ಇದಕ್ಕೆ ಧ್ರುವ ನಕ್ಷತ್ರ ಕಾಣಲೇಬೇಕೆಂದೂ ಇಲ್ಲ, ಬೇರೆ ಕಡೆಯ ಆಕಾಶವಾದರೂ ನಡೆಯುತ್ತದೆ. ಎದುರು ಮನೆಯವರ ಮೇಲಿದ್ದ ನನ್ನ ಸಿಟ್ಟು ಇಳಿದಿದ್ದು ಇದರಿಂದಲೇ.

ಇನ್ನೊಂದು ಸಣ್ಣ ವಿಷಯ. ದಿಗಂತದ ಹತ್ತಿರದ ಬೆಳಕನ್ನು ಗಾಳಿ ಬಾಗಿಸುತ್ತದೆ, ಹಾಗಾಗಿ ನಮ್ಮಲ್ಲಿ ಧ್ರುವ ತನ್ನ ನಿಜ ಜಾಗಕ್ಕಿಂತ ಸುಮಾರು 3 ಆರ್ಕ್‌ಮಿನಿಟ್ ಮೇಲೆ ಕಾಣುತ್ತದೆ. ಸಾಫ್ಟ್‌ವೇರ್‌ನಲ್ಲಿ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಆಯ್ಕೆ ಇದ್ದರೆ ಆನ್ ಮಾಡಿ. ಧ್ರುವ ನೆತ್ತಿಗೆ ಹತ್ತಿರ ಇರುವ ದೇಶದವರು ಇದನ್ನು ಮರೆತರೂ ನಡೆದೀತು, ನಮಗೆ ನಡೆಯುವುದಿಲ್ಲ.

ಈಗ ಎಲ್ಲದರ ಬುಡದಲ್ಲಿರುವ ಚಮತ್ಕಾರಕ್ಕೆ ಬರುತ್ತೇನೆ. ಫೋಟೋ ತೆಗೆದರೆ ಸಾಫ್ಟ್‌ವೇರ್‌ಗೆ ತಾನು ಆಕಾಶದಲ್ಲಿ ಎಲ್ಲಿ ನೋಡುತ್ತಿದ್ದೇನೆ ಅಂತ ಗೊತ್ತಾಗುವುದು ಹೇಗೆ? ಇದಕ್ಕೆ ಪ್ಲೇಟ್ ಸಾಲ್ವಿಂಗ್ ಅಂತಾರೆ. ಹಿಂದೆ ಆಕಾಶದ ಫೋಟೋಗಳನ್ನು ಗಾಜಿನ ಪ್ಲೇಟಿನ ಮೇಲೆ ತೆಗೆಯುತ್ತಿದ್ದರು, ಹೆಸರು ಅಲ್ಲಿಂದ ಉಳಿದಿದೆ. ಅಂಗಳದಲ್ಲಿ ಹಾಕಿದ ರಂಗೋಲಿ ನೆನಪಿಸಿಕೊಳ್ಳಿ. ಅದೇ ಚುಕ್ಕಿಗಳನ್ನು ಚಿಕ್ಕದಾಗಿ ದೇವರ ಮನೆಯಲ್ಲಿ ಹಾಕಿದರೂ, ದೊಡ್ಡದಾಗಿ ಗುಡಿಯ ಮುಂದೆ ಹಾಕಿದರೂ, ನೀವು ಯಾವ ದಿಕ್ಕಿಗೆ ನಿಂತು ನೋಡಿದರೂ ಗುರುತು ಹಿಡಿಯುತ್ತೀರಿ, ಯಾಕೆಂದರೆ ಚುಕ್ಕಿ ಚುಕ್ಕಿಗಳ ನಡುವಿನ ಹೊಂದಾಣಿಕೆ ಬದಲಾಗಿಲ್ಲ. ಆಸ್ಟ್ರೋಮೆಟ್ರಿ ಡಾಟ್ ನೆಟ್ ಅನ್ನುವ ಸಾಫ್ಟ್‌ವೇರ್ ಮಾಡುವುದು ಇದನ್ನೇ. ನಾಲ್ಕು ನಕ್ಷತ್ರ ಆರಿಸಿಕೊಳ್ಳುತ್ತದೆ. ಅವುಗಳಲ್ಲಿ ಒಂದಕ್ಕೊಂದು ಎಲ್ಲಕ್ಕಿಂತ ದೂರ ಇರುವ ಎರಡನ್ನು ಅಳತೆಪಟ್ಟಿಯ ಎರಡು ತುದಿ ಅಂದುಕೊಳ್ಳುತ್ತದೆ. ಆ ಪಟ್ಟಿಯಲ್ಲಿ ಉಳಿದ ಎರಡು ಎಲ್ಲಿವೆ ಅಂತ ಬರೆದರೆ ನಾಲ್ಕು ಸಂಖ್ಯೆ ಬರುತ್ತವೆ. ಫೋಟೋ ತಿರುಗಿರಲಿ, ಹಿಗ್ಗಿರಲಿ, ಕುಗ್ಗಿರಲಿ, ಆ ನಾಲ್ಕು ಸಂಖ್ಯೆ ಬದಲಾಗುವುದಿಲ್ಲ. ಇಡೀ ಆಕಾಶದ ಇಂಥ ನಾಲ್ಕರ ಗುಂಪುಗಳ ಪಟ್ಟಿಯನ್ನು ಮೊದಲೇ ಮಾಡಿಟ್ಟಿರುತ್ತಾರೆ. ಅದರಲ್ಲಿ ಹೊಂದುವುದನ್ನು ಹುಡುಕಿ, ಉಳಿದ ನಕ್ಷತ್ರಗಳೂ ಅಲ್ಲೇ ಇವೆಯಾ ಅಂತ ತಾಳೆ ನೋಡಿ, ಹೌದು ಅಂತ ಖಾತ್ರಿಯಾದರೆ ಜಾಗ ಹೇಳುತ್ತದೆ. ಅಸ್ಟಾಪ್ ಅನ್ನುವ ಇನ್ನೊಂದು ಪುಕ್ಕಟೆ ಸಾಫ್ಟ್‌ವೇರ್ ಇದೆ. ಟೆಲಿಸ್ಕೋಪ್ ಹೆಚ್ಚುಕಮ್ಮಿ ಎಲ್ಲಿ ನೋಡುತ್ತಿದೆ ಅಂತ ತಿಳಿಸಿದರೆ ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲೂ ಕೆಲವೇ ಸೆಕೆಂಡಿನಲ್ಲಿ ಮುಗಿಸುತ್ತದೆ. ಇಂಟರ್‌ನೆಟ್ ಬೇಕಿಲ್ಲ. ಹೊಲದಲ್ಲಿ ನೆಟ್‌ವರ್ಕ್ ಇಲ್ಲದ ಕಡೆ ಇದರ ಬೆಲೆ ಗೊತ್ತಾಗುತ್ತದೆ.

ಇದು ಕೈಗೆ ಬಂದ ಮೇಲೆ ಪಾಯಿಂಟಿಂಗ್ ಅರ್ಧ ಮುಗಿದಂತೆ. ಮೌಂಟ್ ಹೋಗುತ್ತದೆ, ಕ್ಯಾಮೆರಾ ಐದು ಸೆಕೆಂಡಿನ ಫೋಟೋ ತೆಗೆಯುತ್ತದೆ, "ನಾನು 18 ಆರ್ಕ್‌ಮಿನಿಟ್ ತಪ್ಪಿದ್ದೇನೆ" ಅಂತ ತಿಳಿದುಕೊಂಡು ಅಷ್ಟು ಸರಿಯುತ್ತದೆ, ಮತ್ತೊಂದು ಫೋಟೋ ತೆಗೆದು ನೋಡುತ್ತದೆ. ಎರಡು ಮೂರು ಸುತ್ತಿನಲ್ಲಿ ಗುರಿ ನಡುಮಧ್ಯೆ. ಬರೀ ಫೋಟೋ ತೆಗೆಯುವವರಿಗೆ ಇಷ್ಟೇ ಸಾಕು, ಮುಂದಿನ ತಲೆನೋವು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಇಲ್ಲಿ ಒಂದು ಬಲೆ ಇದೆ, ನಾನು ಬಿದ್ದಿದ್ದೆ. ಎಷ್ಟೇ ಸರಿ ಮಾಡಿದರೂ ಪ್ರತಿ ಸಲ ಇಪ್ಪತ್ತು ಆರ್ಕ್‌ಮಿನಿಟ್ ಚಿಲ್ಲರೆ ತಪ್ಪುತ್ತಿತ್ತು, ಆಕಾಶದ ಒಂದು ಭಾಗದಲ್ಲಿ ಯಾವಾಗಲೂ ಒಂದೇ ದಿಕ್ಕಿಗೆ. ಕಾರಣ ತಿಳಿಯಲು ಸಂಕ್ರಾಂತಿ ಹಬ್ಬ ನೆನಪಿಸಿಕೊಳ್ಳಿ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ, ನಾವು ಎಳ್ಳು ಬೆಲ್ಲ ಹಂಚುವುದು ಜನವರಿ 14-15ಕ್ಕೆ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನಕ್ಕೆ ವಾಲಾಡುವುದರಿಂದ ನೂರಾರು ವರ್ಷಗಳಲ್ಲಿ ಎರಡರ ನಡುವೆ ಇಷ್ಟು ಅಂತರ ಬಿದ್ದಿದೆ. ಪಂಚಾಂಗದವರು ಇದನ್ನು ಅಯನಾಂಶ ಅಂತಾರೆ, ಈಗ ಅದು 24 ಡಿಗ್ರಿ ದಾಟಿದೆ. ವರ್ಷಕ್ಕೆ 50 ಆರ್ಕ್‌ಸೆಕೆಂಡ್ ಅಷ್ಟೇ, ಆದರೆ ಕೂಡುತ್ತಾ ಹೋಗುತ್ತದೆ. ನಕ್ಷತ್ರಪಟ್ಟಿಗಳು ಸಾಮಾನ್ಯವಾಗಿ 2000ನೇ ಇಸವಿಯ ಲೆಕ್ಕದಲ್ಲಿ ಇರುತ್ತವೆ, ಎಷ್ಟೋ ಮೌಂಟ್‌ಗಳು ಇವತ್ತಿನ ಲೆಕ್ಕ ಕೇಳುತ್ತವೆ. 25 ವರ್ಷಕ್ಕೆ 21 ಆರ್ಕ್‌ಮಿನಿಟ್. ನನ್ನ ಒಂದು ಸಾಫ್ಟ್‌ವೇರ್ ಹಳೇ ಲೆಕ್ಕ ಹೇಳುತ್ತಿತ್ತು, ಮೌಂಟ್ ಹೊಸ ಲೆಕ್ಕ ಅಂತ ತಿಳಿಯುತ್ತಿತ್ತು. ಸೆಟ್ಟಿಂಗ್‌ನಲ್ಲಿ ಒಂದು ಟಿಕ್ ಬದಲಿಸಿದೆ, ಮುಗಿಯಿತು. ಅದಕ್ಕೂ ಮೊದಲು ಎರಡು ವಾರ ಸ್ಕ್ರೂ ಬಿಗಿ ಮಾಡಿದ್ದೆ.

ಪ್ರತಿ ಸಲ ಫೋಟೋ ತೆಗೆದು ಸರಿಮಾಡುವ ಬದಲು, ಮೊದಲ ಸಲಕ್ಕೇ ಸರಿಯಾಗಿ ಹೋಗಬೇಕು ಅಂದರೆ ಪಾಯಿಂಟಿಂಗ್ ಮಾಡೆಲ್ ಬೇಕು. ಈ ವಿದ್ಯೆಯ ದೊಡ್ಡ ಹೆಸರು ಪ್ಯಾಟ್ರಿಕ್ ವ್ಯಾಲೆಸ್. ಆಸ್ಟ್ರೇಲಿಯಾದ ಸೈಡಿಂಗ್ ಸ್ಪ್ರಿಂಗ್‌ನಲ್ಲಿ 1974ರಲ್ಲಿ ಉದ್ಘಾಟನೆಯಾದ 3.9 ಮೀಟರ್ ಅಗಲದ ಕನ್ನಡಿಯ ಆಂಗ್ಲೋ-ಆಸ್ಟ್ರೇಲಿಯನ್ ಟೆಲಿಸ್ಕೋಪ್ ಕಂಪ್ಯೂಟರ್ ಹತೋಟಿಯಲ್ಲಿ ನಡೆದ ಮೊದಮೊದಲ ದೊಡ್ಡ ಟೆಲಿಸ್ಕೋಪ್‌ಗಳಲ್ಲಿ ಒಂದು. ಅಲ್ಲಿ ಈ ಕೆಲಸ ಮಾಡಿದ ವ್ಯಾಲೆಸ್ ಆಮೇಲೆ ರೂಪಿಸಿದ ಟಿಪಾಯಿಂಟ್ ಇವತ್ತಿಗೂ ದೊಡ್ಡ ವೀಕ್ಷಣಾಲಯಗಳಿಂದ ಹಿಡಿದು ಹವ್ಯಾಸಿಗಳವರೆಗೆ ಬಳಕೆಯಲ್ಲಿದೆ.

ಅದರ ಜಾಣತನ ಇರುವುದು ತಪ್ಪುಗಳನ್ನು ಕಾರಣದ ಪ್ರಕಾರ ಬೇರೆ ಮಾಡುವುದರಲ್ಲಿ. ಆಕಾಶದ ಬೇರೆ ಬೇರೆ ಕಡೆ ಇಪ್ಪತ್ತು ಮೂವತ್ತು ಜಾಗಕ್ಕೆ ಗುರಿ ಇಟ್ಟು, ಪ್ರತಿ ಕಡೆ ಎಷ್ಟು ತಪ್ಪಿತು ಅಂತ ಬರೆದುಕೊಳ್ಳುತ್ತದೆ. ಬರೀ ಆ ಪಟ್ಟಿ ಇಟ್ಟುಕೊಂಡರೆ ನಡುವಿನ ಜಾಗಗಳಿಗೆ ಏನೂ ಹೇಳಲಾಗುವುದಿಲ್ಲ. ಆದರೆ ಪ್ರತಿ ಕಾರಣಕ್ಕೂ ಅದರದೇ ಆದ ನಡಿಗೆ ಇದೆ. ಎರಡು ಅಕ್ಷಗಳ ಸೊನ್ನೆಯ ಗುರುತು ತಪ್ಪಿದ್ದರೆ ಎಲ್ಲ ಕಡೆ ಒಂದೇ ಅಳತೆಯ ತಪ್ಪು. ಧ್ರುವದ ಅಕ್ಷ ಎಡಕ್ಕೋ ಬಲಕ್ಕೋ, ಮೇಲಕ್ಕೋ ಕೆಳಕ್ಕೋ ಓರೆಯಾಗಿದ್ದರೆ ತಪ್ಪು ಪೂರ್ವದಿಂದ ಪಶ್ಚಿಮಕ್ಕೆ ಹೋಗುತ್ತಾ ಅಲೆಯಂತೆ ಏರಿ ಇಳಿಯುತ್ತದೆ. ಕೊಳವೆ ಮೌಂಟಿನ ಮೇಲೆ ನೆಟ್ಟಗೆ ಕೂತಿಲ್ಲದಿದ್ದರೆ ತಪ್ಪು ಧ್ರುವದ ಹತ್ತಿರ ಹೋದಂತೆ ಬೆಳೆಯುತ್ತದೆ, ಅಷ್ಟೇ ಅಲ್ಲ, ಮೌಂಟ್ ಮಗುಚಿ ಕೊಳವೆ ಆ ಬದಿಯಿಂದ ಈ ಬದಿಗೆ ಬಂದಾಗ ತಪ್ಪಿನ ದಿಕ್ಕೇ ಉಲ್ಟಾ ಆಗುತ್ತದೆ. ಎರಡು ಅಕ್ಷಗಳು ಒಂದಕ್ಕೊಂದು ಸರಿಯಾಗಿ 90 ಡಿಗ್ರಿ ಇಲ್ಲದಿದ್ದರೆ ಅದರ ನಡಿಗೆ ಇನ್ನೊಂದು ಥರ. ಕೊಳವೆ ತನ್ನ ಭಾರಕ್ಕೆ ಬಾಗುವುದು ನೆತ್ತಿಯಿಂದ ಕೆಳಗೆ ಬಂದಷ್ಟೂ ಜಾಸ್ತಿ. ಈ ನಡಿಗೆಗಳ ಸೂತ್ರ ಗೊತ್ತಿರುವುದರಿಂದ, ಪ್ರತಿ ಕಾರಣವನ್ನೂ ಎಷ್ಟೆಷ್ಟು ಬೆರೆಸಿದರೆ ನಮ್ಮ ಪಟ್ಟಿಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುತ್ತದೆ ಅಂತ ಕಂಪ್ಯೂಟರ್ ಹುಡುಕುತ್ತದೆ. ಸಿಕ್ಕ ಮೇಲೆ ಆಕಾಶದ ಯಾವ ಮೂಲೆಗೆ ಕಳಿಸಿದರೂ ಎಷ್ಟು ತಪ್ಪುತ್ತೇನೆ ಅಂತ ಮೊದಲೇ ಲೆಕ್ಕ ಹಾಕಿ ಸರಿಮಾಡಿಕೊಂಡು ಹೋಗುತ್ತದೆ. ರಿಮೋಟ್ ಎರಡು ಮೂರು ನಕ್ಷತ್ರ ತೋರಿಸು ಅನ್ನುತ್ತದಲ್ಲ, ಅದು ಇದೇ ಕೆಲಸದ ಬಡವರ ಆವೃತ್ತಿ. ಅದಕ್ಕಾದರೂ ಲುಬ್ಧಕ, ಮಘಾ ಅಂತ ದೂರ ದೂರದ ನಕ್ಷತ್ರ ಕೊಡಿ. ಹತ್ತಿರ ಹತ್ತಿರ ಎರಡು ಕೊಟ್ಟರೆ ಅದು ಕಲಿಯುವುದು ಏನೂ ಇಲ್ಲ.

ದುರಾಸೆ ಮಾತ್ರ ಬೇಡ. ಹತ್ತು ಅಳತೆಗೆ ಎಂಟು ಕಾರಣ ತುರುಕಿದರೆ ಲೆಕ್ಕ ಪಟ್ಟಿಗೆ ಚೆನ್ನಾಗಿ ಹೊಂದುತ್ತದೆ, ಆಕಾಶಕ್ಕೆ ಹೊಂದುವುದಿಲ್ಲ. ಮಾಡೆಲ್ ಕಟ್ಟಿದ ಮೇಲೆ ಟ್ರೈಪಾಡ್ ಎತ್ತಿದಿರೋ, ಮಾಡೆಲ್ ಕಸಕ್ಕೆ. ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿರುವ 2 ಮೀಟರ್‌ನ ಚಂದ್ರ ಟೆಲಿಸ್ಕೋಪನ್ನು ನಮ್ಮ ಹೊಸಕೋಟೆಯಲ್ಲಿ ಕೂತು ಉಪಗ್ರಹದ ಮೂಲಕ ನಡೆಸುತ್ತಾರೆ. ಅಂಥ ಕಡೆ ಎಲ್ಲವೂ ಕಾಂಕ್ರೀಟಿನಲ್ಲಿ ನೆಟ್ಟಿರುತ್ತದೆ, ಮಾಡೆಲ್‌ಗೆ ಬಾಳಿಕೆ ಇರುತ್ತದೆ. ದಿನಾ ಹೊತ್ತು ತಂದು ಇಡುವ ನಮಗೆ ಪ್ಲೇಟ್ ಸಾಲ್ವಿಂಗೇ ಸರಿ.

ಟ್ರ್ಯಾಕಿಂಗ್‌ಗೆ ಬರೋಣ. ಅಕ್ಷವನ್ನು ತಿರುಗಿಸುವುದು ವರ್ಮ್ ಗೇರ್, ಅಂದರೆ ಸ್ಕ್ರೂನಂಥ ಒಂದು ಸಣ್ಣ ದಂಡ, ಅದಕ್ಕೆ ಕಚ್ಚಿಕೊಂಡ ದೊಡ್ಡ ಹಲ್ಲಿನ ಚಕ್ರ. ಚಕ್ರಕ್ಕೆ 180 ಹಲ್ಲಿದ್ದರೆ ವರ್ಮ್ ಸುಮಾರು 479 ಸೆಕೆಂಡಿಗೆ ಒಂದು ಸುತ್ತು ಬರುತ್ತದೆ, ಎಂಟು ನಿಮಿಷಕ್ಕೆ ಒಂದು ಸೆಕೆಂಡ್ ಕಮ್ಮಿ. ಆ ವರ್ಮ್ ಕೂದಲೆಳೆಯಷ್ಟು ಸೊಟ್ಟಗಿದ್ದರೂ ಮೌಂಟ್ ಒಮ್ಮೆ ಮುಂದೆ ಓಡುತ್ತದೆ, ಒಮ್ಮೆ ಹಿಂದೆ ಬೀಳುತ್ತದೆ, ಅಗ್ಗದ ಮೌಂಟಿನಲ್ಲಿ ಹತ್ತಾರು ಆರ್ಕ್‌ಸೆಕೆಂಡ್. ಗಾಲಿ ಸೊಟ್ಟಗಿರುವ ಬಂಡಿ ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಕುಲುಕುತ್ತದಲ್ಲ, ಹಾಗೆ. ಒಂದೇ ಥರ ಆಗುವ ತಪ್ಪು, ಅಂದರೆ ಕಲಿಯಬಹುದಾದ ತಪ್ಪು. ನಾಲ್ಕೈದು ಸುತ್ತು ಅಳೆದು, ಸರಾಸರಿ ತೆಗೆದು, ಉಲ್ಟಾ ಮಾಡಿ ಮೋಟಾರಿಗೆ ಬಾಯಿಪಾಠ ಮಾಡಿಸಿದರೆ ಬಹುಪಾಲು ಹೋಗುತ್ತದೆ. ತೊಂದರೆ ಏನೆಂದರೆ ವರ್ಮ್ ಈಗ ಸುತ್ತಿನ ಎಲ್ಲಿದೆ ಅಂತ ಮೌಂಟಿಗೆ ಗೊತ್ತಿರಬೇಕು. ಗುರುತಿನ ಸೆನ್ಸರ್ ಇಲ್ಲದ ಮೌಂಟಿನಲ್ಲಿ ಕರೆಂಟ್ ಹೋಗಿ ಬಂದರೆ ಪಾಠ ಮರೆತ ಹುಡುಗನಂತೆ ತಪ್ಪು ಜಾಗದಲ್ಲಿ ತಪ್ಪು ಉತ್ತರ ಹೇಳುತ್ತದೆ, ಆಗ ಪಾಠ ಹೇಳದೇ ಇದ್ದಿದ್ದೇ ಚೆನ್ನಾಗಿತ್ತು ಅನಿಸುತ್ತದೆ.

ಅದಕ್ಕೇ ಹೆಚ್ಚಿನವರು ಮಾಡುವುದು ಆಟೋಗೈಡಿಂಗ್. ಪಕ್ಕದಲ್ಲಿ ಒಂದು ಸಣ್ಣ ಟೆಲಿಸ್ಕೋಪ್, ಅದಕ್ಕೊಂದು ಸಣ್ಣ ಕ್ಯಾಮೆರಾ. ಪಿಎಚ್‌ಡಿ2 ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ನಕ್ಷತ್ರವನ್ನು ನೋಡುತ್ತಾ, ಜಾರಿದರೆ ಮೌಂಟಿಗೆ ಸಣ್ಣ ತಳ್ಳು ಕೊಡುತ್ತಾ ಇರುತ್ತದೆ. ಶುರುವಿನಲ್ಲಿ ನಾನು ಅರ್ಧ ಸೆಕೆಂಡಿಗೊಮ್ಮೆ ನೋಡು, ಕಂಡಿದ್ದೆಲ್ಲ ಪೂರ್ತಿ ತಿದ್ದು ಅಂತ ಹಾಕಿದ್ದೆ. ಗ್ರಾಫ್ ಗರಗಸದಂತೆ ಬಂತು. ಎತ್ತಿನ ಹಗ್ಗವನ್ನು ಹೆಜ್ಜೆ ಹೆಜ್ಜೆಗೂ ಜಗ್ಗಿದರೆ ಬಂಡಿ ಹಾವಿನಂತೆ ಹೋಗುತ್ತದೆ. ನಮ್ಮ ಬೇಸಿಗೆಯಲ್ಲಿ ಕಾದ ಮಾಳಿಗೆ ನಡುರಾತ್ರಿವರೆಗೂ ಬಿಸಿ ಬಿಡುತ್ತಿರುತ್ತದೆ, ಆ ಗಾಳಿಯಲ್ಲಿ ನಕ್ಷತ್ರ ಸುಮ್ನೆ ಕುಣಿಯುತ್ತದೆ. ಆ ಕುಣಿತ ಮೌಂಟಿನ ತಪ್ಪಲ್ಲ, ಅದನ್ನು ಬೆನ್ನಟ್ಟಬಾರದು. ಎರಡು ಮೂರು ಸೆಕೆಂಡಿನ ಫೋಟೋ ತೆಗೆದರೆ ಕುಣಿತ ಸರಾಸರಿಯಾಗಿ ನಿಜವಾದ ಜಾರಾಟ ಮಾತ್ರ ಕಾಣುತ್ತದೆ, ಅದರಲ್ಲೂ ಮುಕ್ಕಾಲು ಪಾಲು ಮಾತ್ರ ತಿದ್ದು ಅಂತ ಹೇಳಿದೆ. ಗ್ರಾಫ್ ಸಮಾಧಾನವಾಯಿತು. ವರ್ಮಿನ ಕುಲುಕಾಟವನ್ನು ಗಮನಿಸಿ, ಮುಂದಿನದನ್ನು ಊಹಿಸಿ ಮೊದಲೇ ತಿದ್ದುವ ಆಯ್ಕೆಯೂ ಅದರಲ್ಲಿದೆ, ಒಂದೆರಡು ಸುತ್ತು ನೋಡುವವರೆಗೆ ತಾಳ್ಮೆ ಬೇಕು.

ಹಳೇ ಟ್ರ್ಯಾಕ್ಟರಿನ ಸ್ಟೀರಿಂಗ್ ಹಿಡಿದವರಿಗೆ ಪ್ಲೇ ಅಂದರೇನು ಅಂತ ಹೇಳಬೇಕಿಲ್ಲ. ಎಡದಿಂದ ಬಲಕ್ಕೆ ತಿರುಗಿಸಿದಾಗ ಮೊದಲು ಸ್ವಲ್ಪ ಖಾಲಿ ತಿರುಗಿ ಆಮೇಲೆ ಗಾಲಿ ಹೊರಳುತ್ತದೆ. ಗೇರ್ ಹಲ್ಲುಗಳ ನಡುವೆಯೂ ಅದೇ. ಸಾಫ್ಟ್‌ವೇರ್ ತಳ್ಳುತ್ತದೆ, ಏನೂ ಆಗುವುದಿಲ್ಲ, ಇನ್ನಷ್ಟು ತಳ್ಳುತ್ತದೆ, ಆಮೇಲೆ ಒಮ್ಮೆಲೇ ಆಚೆ ಹಾರುತ್ತದೆ. ಉತ್ತರ-ದಕ್ಷಿಣದ ಅಕ್ಷದಲ್ಲಿ ಒಂದೇ ದಿಕ್ಕಿಗೆ ತಿದ್ದು ಅಂತ ಹೇಳಿಬಿಟ್ಟರೆ ಈ ಜಗಳ ನಿಲ್ಲುತ್ತದೆ. ಇನ್ನೊಂದು ಅಕ್ಷದಲ್ಲಿ ಪೂರ್ವದ ಕಡೆ ತೂಕ ಒಂಚೂರು ಜಾಸ್ತಿ ಇಟ್ಟರೆ ಹಲ್ಲುಗಳು ಯಾವಾಗಲೂ ಒಂದೇ ಬದಿಗೆ ಒತ್ತಿಕೊಂಡಿರುತ್ತವೆ.

ಇಷ್ಟೆಲ್ಲ ಆದ ಮೇಲೂ ಉಳಿಯುವುದು ಆ ಎರಡನೇ ಥರದ ಗಡಿಯಾರ, ಅಂದರೆ ಮನಸ್ಸಿಗೆ ಬಂದಂತೆ ಆಗುವ ತಪ್ಪು. ಗೈಡಿಂಗ್ ಗ್ರಾಫ್ ನೆಟ್ಟಗಿದ್ದೂ ಫೋಟೋದಲ್ಲಿ ನಕ್ಷತ್ರ ಉದ್ದವಾಗಿದ್ದರೆ ಎರಡು ಕೊಳವೆಗಳಲ್ಲಿ ಒಂದು ಇನ್ನೊಂದಕ್ಕಿಂತ ಬೇರೆ ಥರ ಬಾಗುತ್ತಿದೆ ಅಂತ ಅರ್ಥ, ಕ್ಲಾಂಪ್ ಬಿಗಿ ಮಾಡಬೇಕು. ರಾಯಚೂರು ಕಡೆಯ ಎರೆ ಹೊಲದಲ್ಲಿ, ಗಂಗಾವತಿ ಕಡೆಯ ಗದ್ದೆ ಬದುವಿನ ಮೇಲೆ ಟ್ರೈಪಾಡ್ ಕಾಲು ರಾತ್ರಿಯಿಡೀ ಇಷ್ಟಿಷ್ಟೇ ಇಳಿಯುತ್ತದೆ, ಒಂಬತ್ತಕ್ಕೆ ಮಾಡಿದ ಧ್ರುವದ ಹೊಂದಾಣಿಕೆ ಹನ್ನೆರಡಕ್ಕೆ ಇರುವುದಿಲ್ಲ. ಕಾಲುಗಳ ಕೆಳಗೆ ಶಹಾಬಾದ್ ಕಲ್ಲಿನ ತುಂಡು ಇಟ್ಟರೆ ಸಾಕಷ್ಟು ತಡೆಯುತ್ತದೆ. ಆನೆಗೊಂದಿ ಕಡೆಯ ಬಂಡೆಗಳು ಅಲುಗಾಡುವುದಿಲ್ಲ, ಆದರೆ ಅವೂ ಮಾಳಿಗೆಯಂತೆ ಬಿಸಿ ಬಿಡುತ್ತವೆ. ನಾನು ಅಲ್ಲಿಗೆ ಹೋಗುವುದು ಚಳಿಗಾಲದಲ್ಲಿ. 12 ವೋಲ್ಟ್ ಬ್ಯಾಟರಿ ಸೋತಿದ್ದರೆ ಮೋಟಾರು ಜೋರಾಗಿ ತಿರುಗುವಾಗ ಹೆಜ್ಜೆ ತಪ್ಪುತ್ತದೆ, ಎಷ್ಟು ತಪ್ಪಿತು ಅಂತ ಮೌಂಟಿಗೂ ಗೊತ್ತಿರುವುದಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಕಾಟ ಕೊಟ್ಟಿದ್ದು ಒಂದು ಯುಎಸ್‌ಬಿ ಕೇಬಲ್. ನೇತಾಡುತ್ತಾ ಟ್ರೈಪಾಡಿನ ಹಿಡಿಕೆಗೆ ಸಿಕ್ಕಿಕೊಂಡು, ಮೌಂಟ್ ಪಶ್ಚಿಮಕ್ಕೆ ಹೊರಳಿದಂತೆ ಕ್ಯಾಮೆರಾವನ್ನು ಮೆಲ್ಲಗೆ ಎಳೆಯುತ್ತಿತ್ತು. ಕೆಲವು ರಾತ್ರಿ ಸಿಕ್ಕಿಕೊಳ್ಳುತ್ತಿತ್ತು, ಕೆಲವು ರಾತ್ರಿ ಇಲ್ಲ. ಒಂದು ತಿಂಗಳು ಸಾಫ್ಟ್‌ವೇರ್‌ನ ಎಲ್ಲ ಸಂಖ್ಯೆಗಳನ್ನೂ ಬದಲಿಸಿ ನೋಡಿದ್ದೆ. ಕಂಡುಹಿಡಿದವನು ಅಕ್ಕನ ಮಗ, ಟಾರ್ಚ್ ಹಿಡಿದು ಮೌಂಟ್ ಸುತ್ತ ಒಂದು ಸುತ್ತು ಬಂದು. ಈಗ ಕೇಬಲ್‌ಗಳನ್ನೆಲ್ಲ ಹಳೇ ಸೈಕಲ್ ಟ್ಯೂಬ್ ಕತ್ತರಿಸಿದ ಪಟ್ಟಿಯಿಂದ ಕಟ್ಟಿದ್ದೇವೆ.